ಅಳತೆಗೆ ಹೊಲಿದ ಯುಗಾದಿ ಕವಿತೆ

ಕವಿಯಾಗಿರುವುದರ ದೊಡ್ಡ ಅನುಕೂಲವೆಂದರೆ ಕವಿತೆ ಬರೆಯದೆ ಇರಬಹುದು. ಸ್ಫೂರ್ತಿ ಬಂದಿಲ್ಲವೆಂದು ಗಂಭೀರವಾಗಿ ಕಿಟಕಿಯಾಚೆ ನೋಡುತ್ತಿದ್ದರೆ ಹೆಂಡತಿ ಕೂಡ ತರಕಾರಿಗೆ ಕಳಿಸುವುದಿಲ್ಲ. ಹೈಡೆಲ್‌ಬರ್ಗಿನಲ್ಲಿ ಈ ನೆಮ್ಮದಿಯನ್ನು ಹಲವು ವರ್ಷ ಅನುಭವಿಸಿದೆ. ಅದನ್ನು ಹಾಳುಮಾಡಿದವನು ನಮ್ಮ ಪ್ರಯೋಗಾಲಯದ ಒಬ್ಬ ಸ್ಕಾಟ್ಲೆಂಡಿನವನು. ನಾನು ಕವಿಯೆಂದು ತಿಳಿದಾಗ ಆತ, ತಮ್ಮ ಕಡೆ ಹಿಂದೆ ಕವಿಗೆ ‘ಮಾಕರ್’ ಎನ್ನುತ್ತಿದ್ದರು ಎಂದ. ಹಾಗೆಂದರೆ ಮಾಡುವವನು, ಅಷ್ಟೆ. ದರ್ಜಿ ಅಂಗಿ ಮಾಡಿದ ಹಾಗೆ ಕವಿತೆ ಮಾಡುವವನು. ಇಂಗ್ಲಿಷಿನ ‘ಪೊಯೆಟ್’ಗೂ ಗ್ರೀಕ್ ಮೂಲದಲ್ಲಿ ಇದೇ ಅರ್ಥವಂತೆ. ಋಷಿಗಳ ಪಂಕ್ತಿಯಲ್ಲಿ ಕೂತಿದ್ದವನನ್ನು ಎಬ್ಬಿಸಿ ದರ್ಜಿಯ ಅಂಗಡಿಯಲ್ಲಿ ಕೂರಿಸಿದ ಹಾಗಾಯಿತು.

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದೆ. ಆದರೆ ಹೊಸ ಪಾಂಡಿತ್ಯವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಡಾಕ್ಟರ್ ಸೀತಾರಾಮಯ್ಯನವರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಎದ್ದುನಿಂತು ಉಪನ್ಯಾಸವನ್ನೇ ಕೊಟ್ಟೆ.

“ಓಹೋ, ಮಾಡೋದು ಅಂದ್ರೆ ಆರ್ಡರ್ ಕೊಡಬಹುದು ಅನ್ನಿ!” ಎಂದರು ಡಾಕ್ಟರು. “ಯುಗಾದಿಗೊಂದು ಮಾಡ್ಕೊಡಿ ರಾಯರೇ. ಉದ್ದ ಬೇಡ, ಹೋಳಿಗೆ ಆರಿಹೋಗುತ್ತೆ. ಟೆರ್ಮಿನ್ ಯಾವತ್ತು ಇಟ್ಕೊಳ್ಳೋಣ?” ಜರ್ಮನಿಯಲ್ಲಿ ಹಲ್ಲು ಕೀಳಿಸಲೂ ಮೊದಲೇ ಟೆರ್ಮಿನ್ ಗೊತ್ತುಮಾಡಿಕೊಳ್ಳಬೇಕು, ಕವಿತೆಗೂ ಆ ಗತಿ ಬಂತು.

“ಸ್ಫೂರ್ತಿ...” ಎಂದೆ.

“ಅದೇನೂ ಬೇಡ ಅಂತ ಈಗ ತಾನೇ ಅಂದ್ರಲ್ರೀ,” ಎಂದಳು ನನ್ನ ಹೆಂಡತಿ.

ಅದು ಆನಂದ ಸಂವತ್ಸರ. ‘ಬಾ ಆನಂದ, ಮನೆ ತುಂಬು’ ಎಂದು ಮಾಡಿಕೊಟ್ಟೆ. ನಿಜ ಹೇಳಬೇಕೆಂದರೆ, ಬರೆಯುವಾಗ ಕಣ್ಣು ಒದ್ದೆಯಾಗಿತ್ತು. ನಾನು ಪೂರ್ತಿ ಮುಗಿಸಿದ ಕವಿತೆ ಅದೊಂದೇ. ಮರುವರ್ಷ ಡಾಕ್ಟರು ಫೋನು ಮಾಡಿದರು: “ಹೊಸದು ಯಾಕೆ ರಾಯರೇ? ಹೋದ ವರ್ಷದ್ದೇ ಒಂದು ಸಲ ಹಾಕ್ಕೊಂಡು ಮಡಿಚಿಟ್ಟ ಹಾಗಿದೆ. ಸಂವತ್ಸರದ ಹೆಸರೊಂದು ಬದಲಾಯಿಸಿ, ಸಾಕು.”

ಆಗಲಿ ಎಂದು ಒಪ್ಪಿಕೊಂಡು ಆಮೇಲೆ ಪಂಚಾಂಗ ನೋಡಿದೆ. ರಾಕ್ಷಸ ಸಂವತ್ಸರ.

ಕವಿತೆಯಲ್ಲಿ ತೊಟ್ಟು ಜೀವವಿದ್ದರೂ ಆ ಹೆಸರನ್ನು ಅದೇ ಉಗುಳುತ್ತದೆ ಎಂದು ನಂಬಿ, ‘ಬಾ ರಾಕ್ಷಸ, ಮನೆ ತುಂಬು’ ಎಂದು ಗಟ್ಟಿಯಾಗಿ ಓದಿದೆ. ಯಾರಾದರೂ ಬೆಚ್ಚಲಿ, ಹೋಗಲಿ, ನಗಲಾದರೂ ನಗಲಿ ಎಂದು ಕಾದೆ. ಎಲ್ಲರೂ ಚಪ್ಪಾಳೆ ತಟ್ಟಿ ಹೋಳಿಗೆಗೆ ಕೈಹಾಕಿದರು. “ಈ ಸಲ ಇನ್ನೂ ಚೆನ್ನಾಗಿ ಕೂತಿದೆ,” ಎಂದರು ಡಾಕ್ಟರು.

ನನ್ನೊಳಗಿನ ಋಷಿ ಅಲ್ಲೇ, ಹೋಳಿಗೆಯ ತಟ್ಟೆಯ ಮುಂದೆ, ತೀರಿಕೊಂಡ. ಅವನಿಗಾಗಿ ಅಳಲೂ ಪುರುಸೊತ್ತಿಲ್ಲ. ಮುಂದಿನದು ನಳ ಸಂವತ್ಸರ, ಎರಡೇ ಅಕ್ಷರ. ಸೊಂಟದ ಹತ್ತಿರ ಸ್ವಲ್ಪ ಹಿಡಿಯಬೇಕಾಗುತ್ತದೆ.