ಮಿರ್ಜಾನದ ಹಿತೈಷಿ ಬರೆದ ಉಪ್ಪಿನ ದೂರು

ಹೊನ್ನಾವರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವನಿಗೆ ಒಂದು ತಂತ್ರಾಂಶ ಇಳಿಸಿಕೊಳ್ಳುವುದು ಏನು ಮಹಾ ಎಂದು ನಾನು ತಿಳಿದಿದ್ದೆ. ಅದೂ ಪುಕ್ಕಟೆ ಸಿಗುವಂಥದ್ದು. ಅದನ್ನು ಹಾಕಿಕೊಂಡರೆ ಅಂತರ್ಜಾಲದಲ್ಲಿ ನಾವು ಯಾರು, ಯಾವ ಊರಿನವರು ಎಂಬುದು ಬ್ರಹ್ಮನಿಗೂ ತಿಳಿಯುವುದಿಲ್ಲವಂತೆ. ಹಾಗೆಂದವರು ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಗಣಪತಿ ಮಾಸ್ತರು.

ಗುರುತು ಮರೆಸಿಕೊಳ್ಳುವ ದರ್ದು ನನಗೇನಿತ್ತು? ನನ್ನ ಹೆಂಡತಿ ಶಾಲಿನಿ ಯೂಟ್ಯೂಬಿನಲ್ಲಿ ಅಡುಗೆ ಚಾನೆಲ್ ಶುರುಮಾಡಿದ್ದಳು. ವಿಡಿಯೊ ಮಾಡುವ ಗಡಿಬಿಡಿಯಲ್ಲಿ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕುತ್ತಿದ್ದಳು. ಎರಡು ತಿಂಗಳಿಂದ ನಾನು ಬಂಗಡೆ ಸಾರು ಉಂಡು ಕೊಡಗಟ್ಟಲೆ ನೀರು ಕುಡಿಯುತ್ತಿದ್ದೆ. ಒಮ್ಮೆ ಬಾಯಿಬಿಟ್ಟು ಹೇಳಿದೆ. ಮೂರು ದಿನ ಮಾತೂ ಇಲ್ಲ, ಮೀನೂ ಇಲ್ಲ, ಬರೀ ಗಂಜಿ. ಮಾತಿಲ್ಲದೆ ಇರಬಲ್ಲೆ, ಮೀನಿಲ್ಲದೆ ಇರಲಾರೆ. ಆದ್ದರಿಂದ ಯಾರೋ ವೀಕ್ಷಕರು ಹೇಳಿದಂತೆ ಹೇಳುವುದೇ ಕ್ಷೇಮವೆಂದು ತೀರ್ಮಾನಿಸಿದೆ.

ಭಾನುವಾರ ಅವಳು ಪೇಟೆಗೆ ಹೋದ ಸಮಯ ನೋಡಿ ಕಾರ್ಯಾರಂಭ ಮಾಡಿದೆ. ಹುಡುಕಿದಾಗ ಮೊದಲು ಸಿಕ್ಕ ಪುಟದಲ್ಲಿ 'ಡೌನ್‌ಲೋಡ್' ಎಂಬ ಗುಂಡಿ ಮೂರು ಕಡೆ ಇತ್ತು. ದೊಡ್ಡದನ್ನು ಒತ್ತಿದೆ. ಇಳಿದದ್ದು ಜಾತಕ ನೋಡುವ ಆಪ್. ಎರಡನೆಯದನ್ನು ಒತ್ತಿದೆ. ನನ್ನ ಲ್ಯಾಪ್‌ಟಾಪಿಗೆ ಒಂಬೈನೂರು ರೋಗಗಳಿವೆ ಎಂದು ಅದು ಕೂಗತೊಡಗಿತು. ಮೂರನೆಯದನ್ನು ಒತ್ತುವ ಧೈರ್ಯವಾಗದೆ ಗಣಪತಿ ಮಾಸ್ತರಿಗೆ ಫೋನ್ ಮಾಡಿದೆ.

"ಸರ್, ಅದು ಎಂತದೋ ಕಳ್ಳ ಪುಟ. ಅಸಲಿ ಪುಟದಿಂದ್ಲೇ ಇಳಿಸ್ಬೇಕು. ಅಲ್ಲ, ನಿಮಗೆ ಇದೆಲ್ಲ ಎಂತಕ್ಕೆ?"

"ಪ್ರಶ್ನೆಪತ್ರಿಕೆಯ ಗೌಪ್ಯತೆಗೆ" ಎಂದೆ.

ಅವರು ಹೇಳಿಕೊಟ್ಟಂತೆ ಮಾಡಿದಾಗ ಅಂತೂ ತಂತ್ರಾಂಶ ಬಂತು. ಜಾಡು ತಪ್ಪಿಸಲು ಅದು ನಮ್ಮನ್ನು ಮೂರು ದೇಶಗಳ ಕಂಪ್ಯೂಟರುಗಳ ಮೂಲಕ ಹಾಯಿಸುತ್ತದಂತೆ. ಹಾಗೆ ನಾನು ಹೊನ್ನಾವರದಲ್ಲಿ ಕೂತು ಮೂರು ದೇಶ ಸುತ್ತಿ ಯೂಟ್ಯೂಬ್ ತಲುಪಿದೆ. ಪುಟವೆಲ್ಲ ಜರ್ಮನ್ ಭಾಷೆಯಲ್ಲಿತ್ತು. ಅಂದಾಜಿನ ಮೇಲೆ ಗುಂಡಿ ಒತ್ತುತ್ತಾ 'ಮಿರ್ಜಾನದ ಹಿತೈಷಿ' ಎಂಬ ಹೊಸ ಹೆಸರು ಪಡೆದು, ಹಿಂದಿನ ದಿನದ ವಿಡಿಯೊದ ಕೆಳಗೆ ಬರೆದೆ: "ಅಕ್ಕಾ, ಬಂಗಡೆ ಸಾರು ಬಹಳ ಚಂದ. ಆದರೆ ಉಪ್ಪು ಸ್ವಲ್ಪ ಜಾಸ್ತಿ ಆಗಿದೆ." ಹೆಂಡತಿಯನ್ನು ಅಕ್ಕಾ ಎಂದದ್ದು ಕೇವಲ ಭದ್ರತೆಯ ದೃಷ್ಟಿಯಿಂದ.

ಮರುದಿನ ಸಂಜೆ ಉತ್ತರ ಬಂದಿದೆಯೇ ಎಂದು ನೋಡಹೋದರೆ ತಂತ್ರಾಂಶ ತಗಾದೆ ತೆಗೆಯಿತು. ಹೊಸ ಆವೃತ್ತಿ ಬಂದಿದೆ, ಹಳೆಯದರಲ್ಲಿ ನೀವು ಸುರಕ್ಷಿತರಲ್ಲ ಎಂದಿತು. ತಕ್ಷಣ ಅಪ್‌ಡೇಟ್ ಒತ್ತಿದೆ. ಅದು ಅರ್ಧಕ್ಕೆ ನಿಂತಿತು. ತಾಳ್ಮೆಗೆಟ್ಟು ಹೊಸದನ್ನೇ ಬೇರೆ ಕಡೆ ಇಳಿಸಿದೆ. ಈಗ ಹಳೆಯದು ಮುಚ್ಚದು, ಹೊಸದು ತೆರೆಯದು. ಎರಡನ್ನೂ ಅಳಿಸಿ ಮತ್ತೆ ಮೊದಲಿನಿಂದ ಇಳಿಸತೊಡಗಿದೆ.

ಅಡುಗೆಮನೆಯಿಂದ ಶಾಲಿನಿ ಕೇಳಿದಳು, "ರೀ, ನೆಟ್ಟಿಗೆ ಎಂತಾತು? ನನ್ನ ವಿಡಿಯೊ ಹೋಗ್ತಾನೇ ಇಲ್ಲ."

"ಇಲಾಖೆಯಿಂದ ಸುತ್ತೋಲೆ ಬರ್ತಾ ಅದೆ."

"ಸುತ್ತೋಲೆ ಅಷ್ಟು ದೊಡ್ಡದು ಇರ್ತದಾ?"

"ಈ ಸಲದ್ದು ಉದ್ದ ಅದೆ."

ಅವಳು ಮತ್ತೇನೂ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಕ್ಕಾಲು ಗಂಟೆಯ ನಂತರ ಇಳಿಸುವುದು ಮುಗಿಯಿತು. ಈಗ ನಿಮ್ಮನ್ನು ಯಾರೂ ಗುರುತಿಸಲಾರರು ಎಂಬ ಭರವಸೆಯೂ ಸಿಕ್ಕಿತು. ಸಮಾಧಾನದಿಂದ ಮೂರು ದೇಶ ಸುತ್ತಿ ಹೋಗಿ ನೋಡಿದೆ. ಉತ್ತರ ಬಂದಿತ್ತು.

"ಹಿತೈಷಿಗಳೇ, ವಿಡಿಯೊದಲ್ಲಿ ಉಪ್ಪು ಹಾಕಿದ್ದನ್ನು ನಾನು ತೋರಿಸಲೇ ಇಲ್ಲ. 'ರುಚಿಗೆ ತಕ್ಕಷ್ಟು' ಎಂದು ಹೇಳಿ ಬಿಟ್ಟಿದ್ದೆ. ಆ ಸಾರು ಉಂಡವರು ನನ್ನನ್ನು ಬಿಟ್ಟರೆ ಲೋಕದಲ್ಲಿ ಒಬ್ಬರೇ. ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಬನ್ನಿ."

ಈ ಉತ್ತರಕ್ಕೆ ಆಗಲೇ ನಲವತ್ತೊಂದು ಜನ ಮೆಚ್ಚುಗೆ ಒತ್ತಿದ್ದರು. ಅವರಲ್ಲಿ ಗಣಪತಿ ಮಾಸ್ತರು ಇರಲಿಕ್ಕಿಲ್ಲ ಎಂದು ಈಗಲೂ ನಂಬಿದ್ದೇನೆ.

ಲ್ಯಾಪ್‌ಟಾಪ್ ಮುಚ್ಚಿ, ಹೋಗಿ ಮಣೆಯ ಮೇಲೆ ಕೂತೆ. ಬಂಗಡೆ ಸಾರು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ಒಂದು ಹರಳೂ ಉಪ್ಪಿರಲಿಲ್ಲ.

"ಹೆಂಗದೆ?" ಎಂದು ಕೇಳಿದಳು.

"ಚಲೋ ಅದೆ" ಎಂದೆ, ಯಾವ ತಂತ್ರಾಂಶದ ನೆರವೂ ಇಲ್ಲದೆ, ನನ್ನ ಸ್ವಂತ ಹೆಸರಿನಲ್ಲಿ.