ಒಂದನೇ ನಂಬರಿನ ಹುಲ್ಲು

ಅವಳನ್ನು ನಾನು ಮೊದಲು ಕಂಡದ್ದು ಶಾಲೆಯ ಆಫೀಸಿನ ಮುಂದಿನ ಹುಲ್ಲಿನ ಮೇಲೆ. ಹೊಸದಾಗಿ ಬಂದ ಹೊಲಿಗೆ ಟೀಚರು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ತವರುಮನೆಯ ಅಂಗಳವೋ ಎಂಬಂತೆ ಬರಿಗಾಲಲ್ಲಿ ಸುತ್ತುತ್ತಿದ್ದಳು. ನಾನು ಗಣಿತದ ಮೇಷ್ಟ್ರು; ಮೇಲೆ ಶಿಸ್ತಿನ ಉಸ್ತುವಾರಿ ಬೇರೆ!

"ಹುಲ್ಲಿನ ಮೇಲೆ ನಡೆಯಬಾರದು ಅಂತ ಬೋರ್ಡಿದೆ. ಓದಲಿಲ್ಲವೇ?" ಎಂದು ಗದರಿದೆ.

"ಓದಿದೆ ಮೇಷ್ಟ್ರೇ. ಅಕ್ಷರ ಮುದ್ದಾಗಿದೆ" ಎಂದವಳು ಇನ್ನೊಂದು ಸುತ್ತು ಹೊರಟೇಬಿಟ್ಟಳು.

ಆ ಬೋರ್ಡು ಬರೆದವನು ನಾನೇ! ಅವಳನ್ನು ಮದುವೆಯಾಗದೆ ನನಗೆ ಬೇರೆ ದಾರಿ ಉಳಿಯಲಿಲ್ಲ.

ಈಗ ಇಬ್ಬರೂ ನಿವೃತ್ತರು. ಕಳೆದ ಚಳಿಗಾಲಕ್ಕೆ ಮೊದಲು ಅವಳ ಮಂಡಿಗೆ ಆಪರೇಷನ್ ಆಯಿತು. ಚಳಿಗಾಲವೆಲ್ಲ ಕಿಟಕಿಯ ಪಕ್ಕದ ಕುರ್ಚಿಯೇ ಅವಳ ಪ್ರಪಂಚ. "ಬಿಸಿಲು ಬಂದಮೇಲೆ ಮೆತ್ತನೆಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೀಲಿ" ಎಂದಿದ್ದರು ಡಾಕ್ಟರು. ಅಂದಿನಿಂದ, ಕೊನೆಯ ಗಂಟೆಗೆ ಕಾಯುವ ಮಕ್ಕಳ ಹಾಗೆ, ಮನೆಯ ಮುಂದಿನ ಹುಲ್ಲನ್ನೇ ನೋಡುತ್ತ ಕುಳಿತಿದ್ದಳು.

ವಸಂತ ಬಂತು. ಹುಲ್ಲು ಮೊಣಕಾಲಿಗೆ ಬಂತು. ನನಗೆ ಆವೇಶ ಬಂತು!

"ನಾಳೆ ನೋಡು! ನಿನ್ನ ಪಾದಕ್ಕೆ ರತ್ನಗಂಬಳಿ ಹಾಸ್ತೀನಿ. ಚಕ್ರವರ್ತಿಗಳ ಹೆಂಡಿರೂ ಅಂಥದ್ದರ ಮೇಲೆ ಕಾಲಿಟ್ಟಿರಲಿಕ್ಕಿಲ್ಲ!"

"ಗಂಬಳಿ ಬೇಡ್ರೀ, ಇರೋ ಹುಲ್ಲೇ ಸಾಕು. ತುದಿ ಮಾತ್ರ ತೆಗೀರಿ. ಬಟ್ಟೆ ಆಗಲಿ ಹುಲ್ಲಾಗಲಿ, ಉದ್ದ ಬಿಟ್ಟು ಕತ್ತರಿಸಬೇಕು. ಹೆಚ್ಚಾದರೆ ಇನ್ನೊಂದ್ಸಲ ಕತ್ತರಿಸಬಹುದು. ಕಡಿಮೆ ಆದರೆ ಹೊಲಿದು ಸೇರಿಸ್ತೀರಾ?"

"ರವಿಕೆಯ ಲೆಕ್ಕ ಇಲ್ಲಿ ನಡೆಯೋದಿಲ್ಲ ಕಣೇ" ಎಂದೆ.

ಬೆಳಿಗ್ಗೆ ಹುಲ್ಲು ಕತ್ತರಿಸುವ ಮೆಷಿನ್ನು ಹೊರಗೆ ತಂದೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಇಣುಕಿದರು. ಅವರ ಹುಲ್ಲು ಬೆಕ್ಕಿನ ಬೆನ್ನಿನಂತೆ ಮೆತ್ತಗಿತ್ತು.

"ಮೇಷ್ಟ್ರೇ, ಈ ವರ್ಷದ ಮೊದಲ ಕತ್ತರಿ. ಮೇಲೆ ಮೇಲೆ ಸವರಿ. ಮೂರನೇ ಒಂದು ಪಾಲು ತೆಗೆದರೆ ಸಾಕು, ಮಿಕ್ಕಿದ್ದು ಮುಂದಿನ ವಾರ."

ಹಲ್ಲಿನವರಿಗೆ ಹುಲ್ಲಿನ ಗೊಡವೆ ಏಕೆ? ಅದೂ ಗಣಿತದ ಮೇಷ್ಟ್ರಿಗೆ ಭಿನ್ನರಾಶಿ ಹೇಳಿಕೊಡುವುದೆಂದರೆ! ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಷಿನ್ನಿನ ಪಕ್ಕದಲ್ಲೊಂದು ಸಣ್ಣ ಲಿವರು. ಅದರ ಮೇಲೆ ಒಂದರಿಂದ ಐದರವರೆಗೆ ಅಂಕಿಗಳು. ಆಯುಷ್ಯವೆಲ್ಲ ಮಕ್ಕಳಿಗೆ ರ‍್ಯಾಂಕು ಹಂಚಿದವನಿಗೆ ಇದನ್ನು ಯಾರಾದರೂ ವಿವರಿಸಬೇಕೆ? ಒಂದು ಎಂದರೆ ಇಡೀ ತರಗತಿಗೇ ಮೊದಲಿಗ. ಐದು ಎಂದರೆ ಕೊನೆಯ ಬೆಂಚಿನವನು. ನನ್ನ ಹೆಂಡತಿಗೆ ಐದನೆಯ ದರ್ಜೆಯ ಹುಲ್ಲೇ? ನನ್ನ ಜೀವವಿರುವ ತನಕ ಇಲ್ಲ! ಲಿವರನ್ನು ಒಂದಕ್ಕೆ ತಳ್ಳಿದೆ. ಅಂಕಿ ಇಳಿದಷ್ಟೂ ಬ್ಲೇಡು ನೆಲಕ್ಕೆ ಇಳಿಯುತ್ತದೆಂದು ತಿಳಿದದ್ದು ಆಮೇಲೆ.

ನೋಟ್‌ಬುಕ್ಕಿಗೆ ಮಾರ್ಜಿನ್ ಎಳೆದ ಹಾಗೆ ದಾರ ಕಟ್ಟಿ, ದಾರದ ಮೇಲೆ ಕಣ್ಣಿಟ್ಟು ಹೊರಟೆ. ಮೆಷಿನ್ನು ಯುದ್ಧಭೇರಿಯಂತೆ ಮೊಳಗಿತು! ತಿರುಗಿ ನೋಡುವುದು ನನ್ನ ಜಾಯಮಾನವಲ್ಲ. ಗೆರೆ ನೇರವಾಗಿದೆಯೇ? ಅಷ್ಟೇ ನನ್ನ ಚಿಂತೆ. ಒಂದು ಕಡೆ ಮಣ್ಣು ಕಂಡಂತಾಯಿತು. ಅದು ಎದ್ದು ಕಾಣಬಾರದೆಂದು ಅದರ ಪಕ್ಕದಲ್ಲೂ ಅಷ್ಟೇ ಬೋಳಿಸಿದೆ. ಎಡಗಡೆಗೆ ಸಮವಾಗಲೆಂದು ಬಲಗಡೆ, ಬಲಗಡೆಗೆ ಸಮವಾಗಲೆಂದು ಮತ್ತೆ ಎಡಗಡೆ. ಕಿರುಮೀಸೆ ಸಮ ಮಾಡಲು ಹೊರಟು ಮೀಸೆಯನ್ನೇ ಕಳೆದುಕೊಳ್ಳುವವರಿಲ್ಲವೇ, ಹಾಗೆ!

ಅಷ್ಟರಲ್ಲಿ ಅವಳು ಜಗಲಿಗೆ ಬಂದು ಊರುಗೋಲನ್ನು ಎತ್ತಿ ಎತ್ತಿ ಬೀಸಿದಳು. ಬಾಯಿಯೂ ಅಲುಗಾಡುತ್ತಿತ್ತು. ಮೆಷಿನ್ನಿನ ಅಬ್ಬರದಲ್ಲಿ ಏನು ಕೇಳೀತು? ಎಂಥ ಪ್ರಶಂಸೆ! ಬಿಸಿಲಿಗೆಂದು ಹಾಕಿದ್ದ ಟೋಪಿ ತೆಗೆದು ಬಾಗಿ ನಮಸ್ಕರಿಸಿದೆ. ಕೋಲು ಇನ್ನೂ ಮೇಲೇರಿತು. ಅದೇ ಹುರುಪಿನಲ್ಲಿ, ಬಿಡೋಣವೆಂದಿದ್ದ ಮೂಲೆಯನ್ನೂ ಮುಗಿಸಿಬಿಟ್ಟೆ!

ಮೆಷಿನ್ನು ನಿಲ್ಲಿಸಿದೆ.

"...ನಿಲ್ಸ್ರೀ! ನಿಲ್ಸ್ರೀ ಅಂದ್ರೆ!" ಎಂದು ಅವಳು ಕೂಗುತ್ತಲೇ ಇದ್ದಳು.

ಆಗ ತಿರುಗಿ ನೋಡಿದೆ. ಹಸಿರೆಂಬುದು ಹೆಸರಿಗೂ ಇರಲಿಲ್ಲ. ಮಣ್ಣು, ಮಣ್ಣಿನಲ್ಲಿ ಮೋಟು ಕಡ್ಡಿಗಳು.

"ಗೆರೆ ಮಾತ್ರ ನೇರವಾಗಿದೆ, ಅಲ್ವಾ?" ಎಂದೆ.

ಅವಳು ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಬಿಟ್ಟು, ಗೋಡೆ ಹಿಡಿದು ಮೆಲ್ಲಗೆ ಇಳಿದು, ಚಳಿಗಾಲವಿಡೀ ಕಾದ ಆ ಒಂದು ಹೆಜ್ಜೆ ಇಟ್ಟಳು. ಕಡ್ಡಿಗಳು ಚುಚ್ಚಿದವು. ಪಾದ ಸರಕ್ಕನೆ ಹಿಂದೆ ಬಂತು, ತೂರಾಡಿದಳು. ಓಡಿಹೋಗಿ ತೋಳು ಹಿಡಿದೆ.

"ಬಿಡಿ" ಎಂದಳು.

"ಮೇಷ್ಟ್ರೇ" ಎಂದಿತು ಗೋಡೆಯಾಚೆಯ ದನಿ, "ಬೇರು ಸಮೇತ ಕೀಳೋದು ನನ್ನ ಕಸುಬಲ್ಲವೇ?"

ನಗು ಬರಬೇಕಾದ ಮಾತು. ನಮ್ಮಿಬ್ಬರಿಗೂ ಬರಲಿಲ್ಲ.

"ನಿನಗೋಸ್ಕರ ತಾನೇ ಮಾಡಿದ್ದು!" ಎಂದೆ.

"ನನಗೋಸ್ಕರ ಆಗಿದ್ದರೆ ಒಂದು ಸಲ ಈ ಕಡೆ ನೋಡ್ತಿದ್ರಿ."

"ನೋಡಿದೆನಲ್ಲ! ಟೋಪಿ ತೆಗೆದು ನಮಸ್ಕಾರ ಕೂಡ ಮಾಡಿದೆನಲ್ಲ!"

"ಅದೇ ಹೇಳ್ತಿರೋದು. ನಾನು ಕಿರುಚಿಕೊಂಡರೂ ನಿಮಗೆ ಚಪ್ಪಾಳೆ ಹಾಗೇ ಕಾಣುತ್ತೆ. ಇವತ್ತಿನದಲ್ಲ ಅದು" ಎಂದು ಒಳಗೆ ಹೋದಳು. ಮತ್ತೆ ಆ ಕಿಟಕಿ, ಆ ಕುರ್ಚಿ.

ಉಳಿದ ಮೋಟುಗಳನ್ನು ಬಿಸಿಲು ಹುರಿದುಹಾಕಿತು. ಹುಲ್ಲಿನ ಜಾಗಕ್ಕೆ ಕಳೆ ನುಗ್ಗಿತು. ಕಳೆ ಕಿತ್ತೆ, ಮಣ್ಣು ಸಡಿಲಿಸಿದೆ, ಬೀಜ ಎರಚಿದೆ. ಮೊಳಕೆಯನ್ನು ಯಾರೂ ತುಳಿಯದಿರಲೆಂದು ಸುತ್ತ ಹಗ್ಗ ಕಟ್ಟಿ, ಹಳೆಯ ಕೈಚಳಕವನ್ನೆಲ್ಲ ಸುರಿದು ಒಂದು ಬೋರ್ಡು ಬರೆದು ನೆಟ್ಟೆ: ಹುಲ್ಲಿನ ಮೇಲೆ ನಡೆಯಬಾರದು.

ಅವಳು ಮಾತ್ರ ನನ್ನ ಮೊಳಕೆಗೆ ಕಾಯಲಿಲ್ಲ. ಹಲ್ಲಿನ ಡಾಕ್ಟರ ಹೆಂಡತಿ "ಬನ್ನಿ ಅಕ್ಕಾ" ಎಂದು ಗೇಟು ತೆಗೆದದ್ದೇ ತಡ, ಹೊರಟುಬಿಟ್ಟಳು. ಈಗ ಬೆಳಿಗ್ಗೆ, ಸಂಜೆ ಅಲ್ಲೇ ನಡಿಗೆ. ಊರುಗೋಲು ನಮ್ಮ ಮನೆಯ ಬಾಗಿಲ ಹಿಂದೆ ಧೂಳು ತಿನ್ನುತ್ತಿದೆ. ಅತ್ತ ನಗು, ಹರಟೆ. ಇತ್ತ ನಾನು, ನೀರಿನ ಪೈಪು, ಬರಿಯ ಮಣ್ಣು.

ನಿನ್ನೆ ಸಂಜೆ ತಡೆಯಲಾಗಲಿಲ್ಲ. "ಏನೇ, ನಮ್ಮ ಬೋರ್ಡು ನೋಡಿದೆಯಾ?" ಎಂದು ಕೂಗಿದೆ.

ಗೋಡೆಯ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದಳು.

"ಓದಿದೆ ಮೇಷ್ಟ್ರೇ. ಅಕ್ಷರ ಈಗಲೂ ಮುದ್ದಾಗಿದೆ. ಹುಲ್ಲೆಲ್ಲಿ?"

ಎಂದವಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಪಕ್ಕದವರ ಹುಲ್ಲಿನ ಮೇಲೆ ಇನ್ನೊಂದು ಸುತ್ತು ಹೊರಟಳು.