ಲಿಂಕ್ ಒತ್ತುವ ಮುನ್ನ ಏಳು ದಿನ

ಈ ವರ್ಷ ಪರವಾನಗಿ ಕಚೇರಿಯ ಹನ್ನೊಂದು ಕಂಪ್ಯೂಟರುಗಳಲ್ಲಿ ಒಂದಕ್ಕೂ ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್ ತಗುಲಿಲ್ಲ. ಹತ್ತನ್ನು ಆನ್ ಮಾಡಿಲ್ಲ. ಹನ್ನೊಂದನೆಯದನ್ನು ನಿಯಮಾನುಸಾರ ಮಾತ್ರ ಮುಟ್ಟಲಾಗುತ್ತದೆ. ಈ ಸಾಧನೆಯ ಸಂಪೂರ್ಣ ಶ್ರೇಯಸ್ಸು ನನ್ನದು.

ನಾನು ಮೂವತ್ತು ವರ್ಷದಿಂದ ಹೋರಾಟಗಾರ. ಕಂಪ್ಯೂಟರನ್ನು ಯಾರಿಂದಲೂ ಕಲಿಯಲಿಲ್ಲ. ಸ್ವಂತ ಬಲದಿಂದ ತಪ್ಪಾಗಿ ಕಲಿತೆ. ಜನರ ವಿವರ ಕದಿಯುವವರು ಸರ್ಕಾರಿ ಕಂಪ್ಯೂಟರಿಗೆ ನುಗ್ಗುತ್ತಾರೆ ಎಂಬ ಲೇಖನದ ಮೊದಲರ್ಧ ಓದಿ, ಧ್ವನಿವರ್ಧಕ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಒಂಬತ್ತು ದಿನ ಕೂತೆ. ಹತ್ತನೆಯ ದಿನ ಅಧಿಕಾರಿ ಒಳಗೆ ಕರೆದು ನನ್ನನ್ನು ಸುರಕ್ಷತಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಕುರ್ಚಿಗೆ ಚಕ್ರವಿತ್ತು. ಕುರ್ಚಿ ಸಿಕ್ಕ ಮೇಲೆ ಸಿಟ್ಟು ಇಳಿಯಿತು ಎನ್ನುವವರ ಬಾಯಿ ಮುಚ್ಚಿಸಲು ಅಂದೇ ನಿಯಮಗಳನ್ನು ಬರೆದೆ.

ನಿಯಮ ಒಂದು: ಅಪರಿಚಿತ ಲಿಂಕ್ ಒತ್ತಕೂಡದು. ನಿಯಮ ಎರಡು: ಒತ್ತಿ ನೋಡದ ಲಿಂಕೆಲ್ಲ ಅಪರಿಚಿತ. ನಿಯಮ ಮೂರು: ಒತ್ತಲೇಬೇಕಾದರೆ ಅದನ್ನು ಕಾಗದಕ್ಕಿಳಿಸಿ ಸೂಚನಾ ಫಲಕದಲ್ಲಿ ಏಳು ದಿನ ಅಂಟಿಸಿ, ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಿ, ಎಂಟನೆಯ ದಿನ ಇಬ್ಬರು ಸಾಕ್ಷಿಗಳ ಎದುರು ಒತ್ತಬೇಕು. ಗುಮಾಸ್ತರು ಸಂತೋಷದಿಂದ ಸಹಿ ಹಾಕಿದರು. ಕೆಲಸ ಮಾಡದಿರಲು ಇಷ್ಟು ಗೌರವದ ಕಾರಣ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಂಗಳವಾರ ನನ್ನ ಅಕ್ಕ ಬಂದಳು. ಹೊಲಿಗೆ ಅಂಗಡಿ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಾಳೆ. ಅಂಗಡಿಯ ಪರವಾನಗಿ ಶುಕ್ರವಾರ ಮುಗಿಯುತ್ತಿತ್ತು. ನವೀಕರಣವಾಗದಿದ್ದರೆ ಶನಿವಾರ ಬಾಗಿಲಿಗೆ ಸೀಲು.

"ಅರ್ಜಿ ಹಾಕಿ ತಿಂಗಳಾಯ್ತು ಕಣೋ. ಒಂದು ಗುಂಡಿ ಒತ್ತಿದ್ರೆ ಮುಗೀತಂತೆ."

"ಅದೂ ಲಿಂಕೇ ಅಕ್ಕ. ಇವತ್ತೇ ಫಲಕಕ್ಕೆ ಹಾಕಿಸ್ತೀನಿ. ಮುಂದಿನ ಮಂಗಳವಾರ ಒತ್ತೋಣ."

"ಶನಿವಾರ ಸೀಲ್ ಹಾಕ್ತಾರೆ ಅಂತಿದೀನಿ."

"ಆಕ್ಷೇಪಣೆ ಇದ್ರೆ ಬರೆದು ಕೊಡು."

"ಹತ್ತು ವರ್ಷ ಆಗೋವರೆಗೂ ನಿನ್ ಚಡ್ಡಿ ಗುಂಡಿ ನಾನು ಹಾಕ್ದೆ. ಒಬ್ಬ ಸಾಕ್ಷೀನೂ ಕೇಳ್ಲಿಲ್ಲ."

ಗುಮಾಸ್ತರು ಕಡತದೊಳಗೆ ಮುಖ ಹುದುಗಿಸಿದರು. ಅಕ್ಕನೆಂದು ನಿಯಮ ಸಡಿಲಿಸಿದರೆ ನಾಳೆ ಇನ್ನೊಬ್ಬ ಹೋರಾಟಗಾರ ಹುಟ್ಟಿಕೊಳ್ಳುತ್ತಾನೆ; ಅವನು ಲೇಖನ ಪೂರ್ತಿ ಓದಿದವನೂ ಆಗಿರಬಹುದು. ನಾನು ಅಲುಗಾಡಲಿಲ್ಲ.

ಗುರುವಾರ ಅಕ್ಕನ ಫೋನಿಗೆ ಒಂದು ಸಂದೇಶ ಬಂತು: "ಮಾನ್ಯರೇ, ನಿಮ್ಮ ಅಂಗಡಿ ಪರವಾನಗಿ ನಾಳೆ ಮುಗಿಯಲಿದೆ. ಎರಡು ನಿಮಿಷದಲ್ಲಿ ನವೀಕರಿಸಲು ಇಲ್ಲಿ ಒತ್ತಿ." ಇದು ಕಳ್ಳರದೆಂದು ಯಾರಿಗಾದರೂ ತಿಳಿಯುತ್ತಿತ್ತು. ಕಚೇರಿ ಯಾರನ್ನೂ ಮಾನ್ಯರೇ ಎಂದದ್ದಿಲ್ಲ. ಅಕ್ಕನಿಗೂ ತಿಳಿಯಿತು, ಒತ್ತಿದಳು. ಎರಡು ನಿಮಿಷ ಎಂದವರು ಒಂದೂವರೆ ನಿಮಿಷಕ್ಕೇ ಪರವಾನಗಿ ಕಳಿಸಿದರು. ಮೊಹರಿತ್ತು, ಸಹಿಯಿತ್ತು, ಅಂಗಡಿಯ ಹೆಸರಿನಲ್ಲಿ ಒಂದೂ ತಪ್ಪಿರಲಿಲ್ಲ. ಪ್ರತಿಯಾಗಿ ಫೋನಿನಲ್ಲಿದ್ದುದನ್ನೆಲ್ಲ ಬಾಚಿಕೊಂಡರು: ಮಕ್ಕಳ ಫೋಟೋ, ಗಿರಾಕಿಗಳ ನಂಬರು, ಊರಿನ ನಾನೂರು ಜನರ ಎದೆ, ಸೊಂಟ, ತೋಳುಗಳ ಅಳತೆ.

ಶನಿವಾರ ಸೀಲು ಹಾಕಲು ಬಂದ ತಪಾಸಣಾಧಿಕಾರಿ ಆ ಕಾಗದವನ್ನು ಬೆಳಕಿಗೆ ಹಿಡಿದರು.

"ಇದು ನಮ್ಮ ಕಚೇರೀದಲ್ಲ."

"ಹೇಗೆ ಹೇಳ್ತೀರಿ ಸಾರ್?" ಎಂದಳು ಅಕ್ಕ.

"ನಮ್ಮದು ಬಂದಿದ್ರೆ ತಪ್ಪಿರ್ತಿತ್ತು. ನನ್ನ ಮನೆ ಕಟ್ಟೋ ಅರ್ಜೀನೇ ನಾಲ್ಕು ತಿಂಗಳಿಂದ ಅಲ್ಲಿ ಬಿದ್ದಿದೆ." ಅವರು ಅರಗನ್ನು ಚೀಲಕ್ಕೆ ಹಾಕಿಕೊಂಡರು. "ಆ ಲಿಂಕ್ ನನಗೂ ಸ್ವಲ್ಪ ಕಳಿಸ್ತೀರಾ ಅಮ್ಮ?"

ತಿಂಗಳೊಳಗೆ ಊರೆಲ್ಲ ಕಳ್ಳರ ಹತ್ತಿರವೇ ಪರವಾನಗಿ ಪಡೆಯಿತು. ವಿಷಯ ಸಮಿತಿಯ ಮುಂದೆ ಬಂದಾಗ ಆ ಲಿಂಕನ್ನು ಫಲಕಕ್ಕೆ ಹಾಕಿದೆವು. ಒಂದೂ ಆಕ್ಷೇಪಣೆ ಬರಲಿಲ್ಲ. ಕಚೇರಿಯ ಸ್ವಂತ ಲಿಂಕಿಗೆ ನಲವತ್ತಮೂರು ಬಂದಿದ್ದವು. ಎಂಟನೆಯ ದಿನ ಸಾಕ್ಷಿಗಳ ಎದುರು ನಾನೇ ಒತ್ತಿ, ಸುರಕ್ಷಿತವೆಂದು ಘೋಷಿಸಿದೆ. ಅಂದು ಸಂಜೆ, ಅಕ್ಕನ ಹತ್ತಿರವೇ ಬಟ್ಟೆ ಹೊಲಿಸುವ ನಮ್ಮ ಕಚೇರಿಯ ಅಧಿಕಾರಿಯ ಫೋನಿಗೆ ಅವರ ಸೊಂಟಕ್ಕೆ ಸರಿಹೊಂದುವ ಪ್ಯಾಂಟಿನ ಜಾಹೀರಾತು ಬಂತು.

"ಎಷ್ಟು ಕರೆಕ್ಟಾಗಿದೆ ನೋಡ್ರೀ," ಎಂದರು. "ಹೆಂಡ್ತಿಗೂ ನಾನು ಎರಡಿಂಚು ಕಮ್ಮಿ ಹೇಳಿದ್ದೆ."

ಅಕ್ಕನ ಗಿರಾಕಿ ಹೆಂಗಸರಿಗೆ ಗುರುತಿಲ್ಲದ ಗಂಡಸರ ಕರೆಗಳು ಬರತೊಡಗಿದವು. ಅವರು ಸಮಿತಿಗೆ ದೂರು ಕೊಟ್ಟರು. ದೂರಿಗೆ ಸಂಖ್ಯೆ ಕೊಡಲಾಯಿತು. ಅಕ್ಕ ಮಾತ್ರ ಫೋನು ಆಫ್ ಮಾಡಿ ಬದಿಗಿಟ್ಟು, ಅಳತೆಗಳನ್ನು ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಬರೆಯತೊಡಗಿದಳು.

ವಾರ ಕಳೆದ ಮೇಲೆ ಕಳ್ಳರ ಕಡೆಯವನೊಬ್ಬ ನನಗೆ ಫೋನ್ ಮಾಡಿದ. ಬಹಳ ವಿನಯದ ಮನುಷ್ಯ.

"ಅಧ್ಯಕ್ಷರೇ, ನಿಮ್ಮ ಅಕ್ಕನವರ ಹೊಸ ಅಳತೆಗಳು ನಮಗೆ ತಲುಪ್ತಿಲ್ಲ. ಮುಂದಿನ ವರ್ಷದ ನವೀಕರಣಕ್ಕೆ ತೊಂದರೆ ಆಗ್ಬಾರ್ದು ಅಂತ ತಿಳಿಸ್ತಿದೀನಿ."

ಎದುರಿಗೆ ಕೂತು ಸ್ಪೀಕರಿನಲ್ಲಿ ಕೇಳುತ್ತಿದ್ದ ಅಧಿಕಾರಿ, ನ್ಯಾಯವಾದ ಮಾತು ಎಂದರು. ಗುಮಾಸ್ತರು ತಲೆಯಾಡಿಸಿದರು. ನಾನು ಕೂಡಲೇ ಅಂಗಡಿಗೆ ಹೋಗಿ ಅಕ್ಕನಿಗೆ ಪರಿಸ್ಥಿತಿ ವಿವರಿಸಿದೆ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು.

"ನಿನ್ ಸಮಿತಿ ಯಾರ ಕಡೆ ಕಣೋ?"

"ಸುರಕ್ಷತೆ ಕಡೆ ಅಕ್ಕ."

ಅವಳು ಗೋಡೆಯ ಮೇಲಿನ ಪರವಾನಗಿ ನೋಡಿದಳು, ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಮಕ್ಕಳನ್ನು ನೋಡಿದಳು. ಆಮೇಲೆ ಫೋನ್ ಆನ್ ಮಾಡಿ ಮೇಜಿನ ಮೇಲಿಟ್ಟು, ಕೊರಳಿನಿಂದ ಟೇಪು ಎಳೆದಳು.

"ಬಾ, ನೆಟ್ಟಗೆ ನಿಂತ್ಕೋ. ನಿನ್ನಿಂದ್ಲೇ ಶುರು ಮಾಡೋಣ."

ಮೂವತ್ತು ವರ್ಷ ಘೋಷಣೆ ಕೂಗಿದವನು ನಾನು, ಹೊಟ್ಟೆ ಒಳಗೆಳೆದುಕೊಂಡು ಎರಡೂ ಕೈ ಮೇಲೆತ್ತಿ ನಿಂತೆ.